ಐದು ಚಂದ್ರ, ಒಂದು ಮೋಡ

ನಾನು ಕೆಲಸ ಮಾಡುವ ಚೈಲ್ಡ್‌ಕೇರ್‌ನಲ್ಲಿ ಒಂದು ನಿಯಮವಿದೆ. ಮಗು ಬರೆದ ಚಿತ್ರವನ್ನು ದೊಡ್ಡವರು ತಿದ್ದಬಾರದು. ಹಸು ನೀಲಿಯಾಗಿದ್ದರೆ ನೀಲಿಯೇ ಇರಲಿ. ಸೂರ್ಯನಿಗೆ ಕಾಲಿದ್ದರೆ ನಡೆದುಕೊಂಡು ಹೋಗಲಿ. "ಇದೇನಿದು?" ಎಂದು ಕೇಳುವ ಹಾಗೂ ಇಲ್ಲ. ಪಕ್ಕದಲ್ಲಿ ಮೊಣಕಾಲೂರಿ ಕುಳಿತು, "ನಿನಗೆ ಏನು ಕಾಣಿಸುತ್ತಿದೆ, ಹೇಳು" ಎನ್ನಬೇಕು. ಇದನ್ನು ನನಗೆ ಹೇಳಿಕೊಟ್ಟವಳು ನಮ್ಮ ರೂಮಿನ ಲೀಡರ್, ಇಪ್ಪತ್ತಮೂರು ವರ್ಷದ ಹುಡುಗಿ. ನಾನು ತುಮಕೂರಿನ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ವಿಜ್ಞಾನ ಪಾಠ ಮಾಡಿದವಳು. ನನ್ನ ಕೈಯಿಂದ ಪಾಸಾಗಿ ಹೋದ ಮಕ್ಕಳು ಈಗ ಅವಳಿಗಿಂತ ದೊಡ್ಡವರು. ಅವಳು ನಗುನಗುತ್ತಲೇ ನನ್ನ ಕೈಯಲ್ಲಿದ್ದ ಪೆನ್ಸಿಲ್ ಕಿತ್ತುಕೊಂಡ ದಿನ ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದು ಗಂಡನ ಎದುರು ಕೂಗಾಡಿದೆ. ಗಂಡನ ಕೆಲಸದ ಮೇಲೆ ಕಾಯಂ ವಾಸದ ಪಿಆರ್ ಸಿಕ್ಕಿ ಈ ದೇಶಕ್ಕೆ ಬಂದಾಗ ನನ್ನ ಸರ್ಟಿಫಿಕೇಟ್‌ಗಳಿಗೆ ಇಲ್ಲಿ ಕಾಸಿನ ಬೆಲೆ ಇಲ್ಲ ಎಂದು ಗೊತ್ತಾಗಿತ್ತು. ಮತ್ತೆ ಓದಿ ಪರೀಕ್ಷೆ ಬರೆಯುವ ತಾಳ್ಮೆ ನನಗಿರಲಿಲ್ಲ. ಹಾಗಾಗಿ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಮೂರು ವರ್ಷದ ಮಕ್ಕಳ ಮೂಗು ಒರೆಸುತ್ತಿದ್ದೇನೆ. ಒರೆಸುವುದಕ್ಕೆ ಬೇಸರವಿಲ್ಲ. ಆದರೆ ಹಸು ನೀಲಿ ಎಂದು ಒಪ್ಪಿಕೊಳ್ಳುವುದು ನನ್ನಿಂದ ಆಗುವ ಕೆಲಸವಲ್ಲ. "ಇವಳು ನನಗೆ ಕಲಿಸ್ತಾಳೆ ಕಣ್ರೀ, ನೋಡೋದು ಹೇಗೆ ಅಂತ!" ಎಂದೆ. ಅವರು ಟಿವಿಯಿಂದ ಕಣ್ಣು ತೆಗೆಯದೆ, "ನೀನು ಬಿಡು, ಎಲ್ಲ ನೋಡಿದವಳು" ಎಂದರು. ಅದು ಹೊಗಳಿಕೆ ಅಲ್ಲ ಎಂದು ನನಗೆ ಆಗ ಹೊಳೆಯಲಿಲ್ಲ.

ಇನ್ನೊಂದು ಸಂಗತಿಯನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಸಂಕಷ್ಟಿ ಮಾಡುತ್ತೇನೆ. ಹುಣ್ಣಿಮೆಯಾದ ನಾಲ್ಕನೆಯ ದಿನ ಉಪವಾಸ. ಚಂದ್ರ ಮೂಡಿದ ಮೇಲೆ ಅರ್ಘ್ಯ ಬಿಟ್ಟು ಊಟ. ಊರಿನಲ್ಲಿ ತಾರಸಿ ಹತ್ತಿ ಕಾಯುತ್ತಿದ್ದೆವು. ಇಲ್ಲಿ ಚಂದ್ರೋದಯದ ಟೈಮನ್ನು ನಮ್ಮ ಕನ್ನಡದವರ ಗುಂಪಿನಲ್ಲಿ ಯಾರಾದರೂ ಬೆಳಿಗ್ಗೆಯೇ ಮೆಸೇಜ್ ಹಾಕುತ್ತಾರೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳುತ್ತೇನೆ. ಅಲಾರಂ ಹೊಡೆದರೆ ಚಂದ್ರ ಬಂದ ಎಂದು ಲೆಕ್ಕ. ಟೂಂಗಾಬಿಯ ನಮ್ಮ ಮನೆಯ ಪೂರ್ವಕ್ಕೆ ಪಕ್ಕದವರ ಎರಡು ಅಂತಸ್ತಿನ ಗೋಡೆ ಇದೆ, ಮೂಡುವ ಚಂದ್ರ ಕಾಣುವುದಿಲ್ಲ. ಗೇಟಿನಾಚೆ ಹತ್ತು ಹೆಜ್ಜೆ ಹೋದರೆ ಕಾಣುತ್ತಾನೆ, ಅದೂ ಗೊತ್ತು. ಆದರೆ ಹೊಟ್ಟೆ ಹಸಿದಿರುತ್ತದೆ. ಹಿಂದಿನ ಬಾಗಿಲು ತೆಗೆದು, ಗೋಡೆಯ ಕಡೆಗೆ ಮೂರು ಉದ್ಧರಣೆ ನೀರು ಬಿಟ್ಟು, ಒಳಗೆ ಬಂದು ಉಣ್ಣುತ್ತೇನೆ. ಹೀಗೆ ಹನ್ನೊಂದು ವರ್ಷ. ಸಿಡ್ನಿಯ ನಮ್ಮವರಲ್ಲಿ ಬಹಳ ಮಂದಿ ಹೀಗೇ ಮಾಡುತ್ತಾರೆ, ಯಾರಿಗೂ ಇದರಲ್ಲಿ ತಪ್ಪೇನೂ ಕಂಡಿಲ್ಲ.

ನನ್ನ ತಂಗಿ ಮೆಲ್ಬರ್ನ್‌ನಲ್ಲಿದ್ದಾಳೆ. ಬಾಕ್ಸ್ ಹಿಲ್‌ನಲ್ಲಿ ಅಪಾರ್ಟ್‌ಮೆಂಟ್, ನರ್ಸ್ ಕೆಲಸ. ನನಗಿಂತ ಹತ್ತು ವರ್ಷ ಚಿಕ್ಕವಳು. ಎತ್ತಿ ಆಡಿಸಿದ್ದು, ಜಡೆ ಹಾಕಿದ್ದು, ಮಗ್ಗಿ ತಪ್ಪಿದಾಗ ಕಿವಿ ಹಿಂಡಿದ್ದು ಎಲ್ಲ ನಾನೇ. ಆ ಕಿವಿ ಹಿಂಡಿದ್ದನ್ನು ಅವಳು ಇವತ್ತಿನವರೆಗೂ ಮರೆತಿಲ್ಲ. ಫೋನಿನಲ್ಲಿ ನಾವು ಮಾತನಾಡುವುದನ್ನು ಕೇಳಿದವರು ಇವರಿಬ್ಬರಲ್ಲಿ ಆಸ್ತಿ ಜಗಳ ಇದೆಯೇನೋ ಎಂದುಕೊಳ್ಳಬೇಕು. ನಮಗೆ ಮಕ್ಕಳಿಲ್ಲ. ಅವಳಿಗೆ ಒಬ್ಬಳೇ ಮಗಳು, ಈಗ ಏಳು ವರ್ಷ. ಎರಡು ಮನೆಗೆ ಸೇರಿ ಇರುವುದು ಆ ಒಂದೇ ಮಗು.

ಹೋದ ವರ್ಷ ಜೂನ್ ಕೊನೆಯಲ್ಲಿ ತಂಗಿ ಫೋನ್ ಮಾಡಿದಳು. "ಅಕ್ಕಾ, ಜುಲೈ ರಜೆಗೆ ಎರಡು ವಾರ ಬಂದಿರ್ತೀಯಾ? ನಂಗೆ ಪೂರ್ತಿ ಮಧ್ಯಾಹ್ನದ ಶಿಫ್ಟ್. ಇವ್ರು ಪ್ರಾಜೆಕ್ಟ್ ಅಂತ ಪರ್ತ್‌ನಲ್ಲಿದ್ದಾರೆ. ಹಾಲಿಡೇ ಕೇರ್ ಬುಕ್ ಮಾಡೋಣ ಅಂದ್ರೆ ಎಲ್ಲಾ ಫುಲ್."

"ಎಲ್ಲಾ ಫುಲ್ ಆದ್ಮೇಲೆ ಅಕ್ಕನ ನೆನಪಾಯ್ತಾ?" ಎಂದೆ.

"ಬರ್ತೀಯೋ ಇಲ್ವೋ ಹೇಳು. ಬರೋದಾದ್ರೆ ಆ ಟೀಚರ್ ಗತ್ತು ಸಿಡ್ನೀಲೇ ಬಿಟ್ಟು ಬಾ."

ಬಿಟ್ಟು ಹೋಗಲಿಲ್ಲ. ಸೂಟ್‌ಕೇಸಿನಲ್ಲಿ ಕೆಂಪು ಪೆನ್ನು ಕೂಡ ಇತ್ತು.

ಮೆಲ್ಬರ್ನ್‌ನ ಜುಲೈ ಚಳಿಯನ್ನು ನಾನು ದ್ವೇಷಿಸುತ್ತೇನೆ. ಬೆಳಿಗ್ಗೆ ಬಿಸಿಲು, ಹತ್ತು ಗಂಟೆಗೆ ಮಳೆ, ಮಧ್ಯಾಹ್ನ ಮೂಳೆ ಕೊರೆಯುವ ಗಾಳಿ. ತಂಗಿಯ ಮನೆ ನಾಲ್ಕನೆಯ ಮಹಡಿಯಲ್ಲಿ. ಬಾಲ್ಕನಿಯ ಬಾಗಿಲು ತೆಗೆದರೆ ಸಾಕು, ಹೀಟರ್ ಹಾಕಿದ್ದೆಲ್ಲ ವ್ಯರ್ಥ. ಮಗುವಿಗೆ ಮಾತ್ರ ಆ ಬಾಲ್ಕನಿಯೇ ಬೇಕು. ಏಕೆಂದರೆ ಅವಳ ಶಾಲೆಯಲ್ಲಿ ರಜೆಗೆ ಒಂದು ಕೆಲಸ ಕೊಟ್ಟಿದ್ದರು: ದಿನಾ ಸಂಜೆ ಆಕಾಶ ನೋಡಿ ಚಂದ್ರನ ಚಿತ್ರ ಬರೆಯಬೇಕು. ಪುಟಕ್ಕೊಂದರಂತೆ ವೃತ್ತ ಅಚ್ಚು ಮಾಡಿದ ಸಣ್ಣ ಪುಸ್ತಕ. ಚಂದ್ರನಲ್ಲಿ ಕತ್ತಲಿರುವ ಭಾಗಕ್ಕೆ ಪೆನ್ಸಿಲ್‌ನಿಂದ ಕಪ್ಪು ಬಳಿದು, ಬೆಳಕಿರುವ ಭಾಗವನ್ನು ಬಿಳಿ ಬಿಡಬೇಕು.

ಅವಳು ಅದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದಳೆಂದರೆ ನನಗೇ ನಗು ಬರುತ್ತಿತ್ತು. ಐದೂವರೆಗೆ ಹೊತ್ತು ಮುಳುಗುತ್ತಿದ್ದಂತೆ ಜಾಕೆಟ್ ಹಾಕಿಕೊಂಡು, ಉಣ್ಣೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಪ್ಲಾಸ್ಟಿಕ್ ಸ್ಟೂಲನ್ನು ಬಾಲ್ಕನಿಯ ಬಾಗಿಲ ಹತ್ತಿರಕ್ಕೆ ತಳ್ಳಿಕೊಂಡು ಹೋಗುತ್ತಿದ್ದಳು. ಅದರ ಮೇಲೆ ಕುಳಿತು ಕುತ್ತಿಗೆ ಎತ್ತಿ ನೋಡುವುದು, ಒಳಗೆ ಬಂದು ಸ್ವಲ್ಪ ಬರೆಯುವುದು, ಅನುಮಾನ ಬಂದರೆ ಮತ್ತೆ ಹೋಗಿ ನೋಡುವುದು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಬರೆಯುವಾಗ ಆ ಸಂದಿಯಲ್ಲಿ ನಾಲಿಗೆ ತುದಿ ಹೊರಗಿರುತ್ತಿತ್ತು. ಮೊದಲ ದಿನ ಎಳೆ ಚಂದ್ರ ಕಂಡಾಗ ಕಿರುಚಿದ್ದು ಪಕ್ಕದ ಮನೆಯವರಿಗೂ ಕೇಳಿಸಿರಬೇಕು. "ದೊಡ್ಡಮ್ಮಾ! ಇಟ್ಸ್ ಸೋ ಥಿನ್! ನೇಲ್ ಕಟ್ ಮಾಡಿದಂಗಿದೆ!"

ನಾನು ಹೀಟರ್ ಪಕ್ಕದಿಂದಲೇ "ಹೂಂ" ಎಂದೆ.

ಆರನೆಯ ದಿನ ಮಗು ಸ್ನಾನಕ್ಕೆ ಹೋಗಿದ್ದಾಗ ಪುಸ್ತಕ ತೆರೆದು ನೋಡಿದೆ. ಐದು ಪುಟದಲ್ಲಿ ಐದು ಚಂದ್ರ. ಒಂದು ಪುಟದಲ್ಲಿ ಮೋಡ, ಅದಕ್ಕೆ ಅಳುವ ಮುಖ. ಐದೂ ಚಂದ್ರಗಳಲ್ಲಿ ಎಡಗಡೆ ಬೆಳಕು, ಬಲಗಡೆ ಕಪ್ಪು. ಎಲ್ಲ ಉಲ್ಟಾ. ಅಮಾವಾಸ್ಯೆಯ ನಂತರ ಚಂದ್ರ ಬಲಗಡೆಯಿಂದ ಬೆಳೆಯುತ್ತಾನೆ. ಇದು ಏಳನೆಯ ಕ್ಲಾಸಿನ ಪಾಠ. ಹದಿನೆಂಟು ವರ್ಷ ನಾನು ಬೋರ್ಡಿನ ಮೇಲೆ ಬರೆದ ಚಿತ್ರ. ತಂಗಿಯ ಅಡುಗೆಮನೆಯಲ್ಲಿ ಊರಿನಿಂದ ತರಿಸಿದ ಗೋಡೆ ಕ್ಯಾಲೆಂಡರ್ ತೂಗುಹಾಕಿತ್ತು. ಅದರ ಮೂಲೆಯಲ್ಲೂ ಪುಟ್ಟ ಚಂದ್ರನ ಚಿತ್ರಗಳಿದ್ದವು, ಅವೂ ಬಲಕ್ಕೇ ಬೆಳಕು. ಈ ದೇಶದಲ್ಲಿ ಮಕ್ಕಳಿಗೆ ಎಡ ಯಾವುದು ಬಲ ಯಾವುದು ಎನ್ನುವುದನ್ನೂ ಕಲಿಸುವುದಿಲ್ಲವಲ್ಲ ಎಂದು ನನಗೆ ರೇಗಿಹೋಯಿತು. ಆ ಇಪ್ಪತ್ತಮೂರರ ಹುಡುಗಿಯ ನಗು ನೆನಪಾಯಿತು. ತಿದ್ದಬಾರದಂತೆ! ತಿದ್ದದಿದ್ದರೆ ಆಗುವುದು ಹೀಗೇ.

ಮಗು ಬಂದ ಕೂಡಲೇ ಕೂರಿಸಿಕೊಂಡೆ. ಮೂಸಂಬಿ, ನಿಂಬೆಹಣ್ಣು, ಟಾರ್ಚ್ ಇಟ್ಟುಕೊಂಡು ಸೂರ್ಯ ಭೂಮಿ ಚಂದ್ರ ಮೂವರನ್ನೂ ಡೈನಿಂಗ್ ಟೇಬಲ್ ಮೇಲೆ ತಿರುಗಿಸಿದೆ. ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಎದುರಿಗಿಟ್ಟೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, "ಬಟ್ ದೊಡ್ಡಮ್ಮಾ, ಅಲ್ಲಿ ಹಂಗಿಲ್ಲ" ಎಂದಳು.

"ಹಂಗೇ ಇರತ್ತೆ. ನೀನು ಸರಿಯಾಗಿ ನೋಡಿಲ್ಲ."

"ಐ ಡಿಡ್! ಬನ್ನಿ, ತೋರಿಸ್ತೀನಿ." ನನ್ನ ಸ್ವೆಟರಿನ ತೋಳು ಹಿಡಿದು ಎಳೆದಳು. "ಬನ್ನಿ ದೊಡ್ಡಮ್ಮಾ, ಒಂದೇ ಒಂದು ಸಲ ಬನ್ನಿ."

ಒಲೆಯ ಮೇಲೆ ಕುಕ್ಕರ್ ಇತ್ತು. ಹೊರಗೆ ಗಾಳಿ ಬೀಸುತ್ತಿತ್ತು. ಕಾಲಿಗೆ ಸಾಕ್ಸ್ ಇರಲಿಲ್ಲ. ಇವೆಲ್ಲ ನಿಜ. ಆದರೆ ನಾನು ಏಳದೆ ಇದ್ದದ್ದು ಅವುಗಳಿಂದಲ್ಲ. ಗೊತ್ತಿರುವುದನ್ನು ಎದ್ದು ಹೋಗಿ ನೋಡುವುದು ಏಕೆ? ಅವಳು ಮೂರು ಸಲ ಕರೆದಳು. ಮೂರನೆಯ ಸಲ ನಾನು ಗದರಿದೆ. "ಸಾಕು. ನಾನು ಟೀಚರ್. ದೊಡ್ಡೋರು ಹೇಳಿದ್ ಕೇಳ್ಬೇಕು. ರಬ್ಬರ್ ತಗೊಂಡ್ ಬಾ."

ರಬ್ಬರ್ ತಂದಳು. ಐದು ಚಂದ್ರಗಳನ್ನೂ ನಾನೇ ಅಳಿಸಿದೆ. ಮೋಡವನ್ನೂ ಅಳಿಸಿದೆ, ಮೋಡದ ಹಿಂದೆಯೂ ಚಂದ್ರ ಇದ್ದೇ ಇರುತ್ತಾನಲ್ಲ, ಪುಟ ಏಕೆ ಖಾಲಿ ಬಿಡುವುದು? ದಪ್ಪಗೆ ಬಳಿದ ಪೆನ್ಸಿಲ್ ಪೂರ್ತಿ ಹೋಗಲಿಲ್ಲ, ಬೂದು ಬಣ್ಣದ ಕಲೆ ಉಳಿಯಿತು. ಅದರ ಮೇಲೆಯೇ ಕ್ಯಾಲೆಂಡರ್ ನೋಡಿಕೊಂಡು ಆರು ಚಂದ್ರಗಳನ್ನು ಅವಳ ಕೈಯಲ್ಲಿ ಬರೆಸಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ಬಹುಶಃ ನಾನು ನಿಲ್ಲಿಸುತ್ತಿದ್ದೆ. ಇಲ್ಲ, ನಿಲ್ಲಿಸುತ್ತಿರಲಿಲ್ಲ.

ಮಾರನೆಯ ಸಂಜೆಯಿಂದ ಸ್ಟೂಲ್ ಅದರ ಜಾಗ ಬಿಟ್ಟು ಅಲ್ಲಾಡಲಿಲ್ಲ. ಮಗು ಡೈನಿಂಗ್ ಟೇಬಲ್‌ನಲ್ಲಿ ಕುಳಿತು ಕ್ಯಾಲೆಂಡರ್ ನೋಡಿ ಚಂದ್ರನನ್ನು ಬರೆದು ನನಗೆ ತೋರಿಸುತ್ತಿದ್ದಳು. ಬಾಲ್ಕನಿ ಬಾಗಿಲು ತೆಗೆಯುವ ಕಾಟ ತಪ್ಪಿತು ಎಂದು ನನಗೆ ನೆಮ್ಮದಿ. ಕೊನೆಯ ಪುಟದಲ್ಲಿ ಕೆಂಪು ಪೆನ್ನಿನಲ್ಲಿ "ವೆರಿ ಗುಡ್" ಎಂದು ಬರೆದು, ತುಮಕೂರಿನಲ್ಲಿ ಮಾಡುತ್ತಿದ್ದ ಹಾಗೆ ಸಹಿ ಹಾಕಿ ಸಿಡ್ನಿಗೆ ವಾಪಸ್ಸಾದೆ.

ವಾರ ಕಳೆದು ತಂಗಿ ಫೋನ್ ಮಾಡಿದಳು. ಹಲೋ ಕೂಡ ಇಲ್ಲ.

"ಏನ್ ಮಾಡಿದ್ಯೇ ಅಕ್ಕ ನನ್ ಮಗೂಗೆ?"

ಶಾಲೆಯಲ್ಲಿ ಎಲ್ಲರ ಪುಸ್ತಕಗಳನ್ನೂ ತೆರೆದು ಗೋಡೆಗೆ ಸಾಲಾಗಿ ಅಂಟಿಸಿದ್ದರಂತೆ. ಇಡೀ ಕ್ಲಾಸಿನ ಚಂದ್ರಂದಿರಿಗೆ ಎಡಗಡೆ ಬೆಳಕು, ಇವಳ ಚಂದ್ರನಿಗೆ ಮಾತ್ರ ಬಲಗಡೆ. ಪಕ್ಕದ ಹುಡುಗ ಜೋರಾಗಿ, ಇವಳು ನೋಡಿಯೇ ಇಲ್ಲ, ಸುಳ್ಳು ಬರೆದಿದ್ದಾಳೆ ಎಂದನಂತೆ. ಎಲ್ಲರೂ ನಕ್ಕರಂತೆ. ದೊಡ್ಡಮ್ಮ ಬರೆಸಿದ್ದು ಎಂದು ಇವಳು ಹೇಳಬಹುದಿತ್ತು, ಹೇಳಲಿಲ್ಲ.

"ಆ ಟೀಚರ್ ನನ್ನ ಕರೆಸಿ ಪುಸ್ತಕ ತೋರಿಸಿದ್ರು. ಅಳಿಸಿದ್ ಕಲೆ ಹಂಗೇ ಇದೆ. ಕೆಳಗಡೆ ಇದ್ದಿದ್ದೇ ಕರೆಕ್ಟು ಅಂತೆ, ಯಾರು ಅಳಿಸಿದ್ದು ಅಂತ ಕೇಳಿದ್ರು. ನಾಚಿಕೆಯಿಂದ ಸತ್ತೇ ಹೋದೆ. ಮೇಲಿಂದ ನಿನ್ನ ವೆರಿ ಗುಡ್ ಬೇರೆ!"

ತಪ್ಪಾಯಿತು ಎನ್ನುವ ಮಾತು ನನ್ನ ಬಾಯಲ್ಲಿ ಅಷ್ಟು ಸುಲಭವಾಗಿ ಹೊರಡುವುದಿಲ್ಲ. "ನಿಮ್ಮ ಟೀಚರಿಗೆ ಏನ್ ಗೊತ್ತು? ಇಡೀ ಕ್ಲಾಸೇ ತಪ್ಪು ಬರ್ದಿರ್ಬೇಕು" ಎಂದೆ. ತಂಗಿ ಫೋನ್ ಕುಕ್ಕಿದಳು.

ರಾತ್ರಿಯೆಲ್ಲ ಅವಳಿಗೆ ಕೊಡಬೇಕಾದ ಉತ್ತರಗಳನ್ನು ಮನಸ್ಸಿನಲ್ಲೇ ಮಸೆದೆ. ಬೆಳಿಗ್ಗೆ ಏಳಕ್ಕೆ ಮೊದಲು ಕೆಲಸಕ್ಕೆಂದು ಟೂಂಗಾಬಿ ಸ್ಟೇಷನ್ನಿನಲ್ಲಿ ಟ್ರೈನಿಗೆ ಕಾಯುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಪ್ಲಾಟ್‌ಫಾರಂನಲ್ಲಿ ತಲೆ ಎತ್ತಿದೆ. ಚಂದ್ರ ಇದ್ದ. ಉತ್ತರದ ಕಡೆ, ಬಿಳಿಚಿಕೊಂಡು, ಸರಿಯಾಗಿ ಅರ್ಧ. ಬಲಗಡೆ ಬೆಳಕು! ನನಗೆ ಎಂಥ ಖುಷಿ! ಫೋಟೋ ತೆಗೆದು, "ಕಣ್ಣಿದ್ದರೆ ನೋಡು" ಎಂದು ಬರೆದು ತಂಗಿಗೆ ಕಳಿಸಿದೆ. ಟ್ರೈನ್ ಬಂತು, ಹತ್ತಿ ಕುಳಿತೆ.

ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಮನಸ್ಸಿನಲ್ಲೇ ತಿಥಿ ಎಣಿಸಿದೆ. ಹುಣ್ಣಿಮೆ ಕಳೆದು ವಾರವಾಗಿತ್ತು. ಮೂರು ದಿನದ ಹಿಂದೆಯಷ್ಟೇ ಅಲಾರಂ ಇಟ್ಟುಕೊಂಡು ಸಂಕಷ್ಟಿ ಮುಗಿಸಿದ್ದೆ. ಇದು ಕೃಷ್ಣಪಕ್ಷ, ಚಂದ್ರ ಕರಗುವ ಹೊತ್ತು. ನನ್ನ ಬೋರ್ಡಿನ ಚಿತ್ರದ ಪ್ರಕಾರ ಈಗ ಎಡಗಡೆ ಬೆಳಕಿರಬೇಕು. ಆಕಾಶದಲ್ಲಿ ಬಲಗಡೆ ಇದೆ. ಅಂದರೆ ಇಲ್ಲಿ ಎಲ್ಲವೂ ತಿರುಗುಮುರುಗು. ಅಂದರೆ ಬೆಳೆಯುವಾಗ ಎಡಗಡೆ. ಮಗು ಬರೆದ ಹಾಗೆ.

ಭೂಮಿಯ ಈ ದಕ್ಷಿಣದ ಅರ್ಧದಲ್ಲಿ ನಿಂತವರು ಉತ್ತರಕ್ಕೆ ಮುಖ ಮಾಡಿ ಚಂದ್ರನನ್ನು ನೋಡುತ್ತಾರೆ, ಆದ್ದರಿಂದ ಎಡ ಬಲ ಅದಲುಬದಲು. ಒಂದೇ ವಾಕ್ಯದ ವಿಷಯ. ಮೂಸಂಬಿಯ ಮೇಲೆ ಒಂದು ಗುಂಡುಸೂಜಿಯನ್ನು ಕೆಳಗಡೆ ಚುಚ್ಚಿದ್ದರೆ ನನಗೇ ಕಾಣುತ್ತಿತ್ತು. ಬಿಸಿಲು ಉತ್ತರದಿಂದ ಬರುತ್ತದೆ ಎಂದು ಈ ದೇಶದಲ್ಲಿ ಮನೆ ಹುಡುಕುವಾಗ ಎಷ್ಟು ಜನಕ್ಕೆ ನಾನೇ ಹೇಳಿದ್ದೇನೆ! ಅದಕ್ಕಿಂತ ನಾಚಿಕೆಗೇಡು ಇನ್ನೊಂದಿದೆ. ತುಮಕೂರಿನಲ್ಲಿ ಬಿದಿಗೆ ಚಂದ್ರ ಬಲಕ್ಕೂ ನಿಂತಿರುತ್ತಿರಲಿಲ್ಲ. ದೋಣಿಯ ಹಾಗೆ ಅಂಗಾತ ಮಲಗಿರುತ್ತಿದ್ದ. ಚಿಕ್ಕವಳಿದ್ದಾಗ ತಾರಸಿಯ ಮೇಲೆ ಅದನ್ನು ಎಷ್ಟೋ ಸಲ ನೋಡಿದ್ದೇನೆ. ನೋಡಿಯೂ ಹದಿನೆಂಟು ವರ್ಷ ಪುಸ್ತಕದಲ್ಲಿದ್ದ ಬೇರೆ ಯಾರದ್ದೋ ಊರಿನ ಚಂದ್ರನನ್ನು ಬೋರ್ಡಿನ ಮೇಲೆ ಬರೆದೆ. ಒಂದು ಮಗುವೂ ಎದ್ದು ನಿಂತು "ಮಿಸ್, ಹಾಗಿಲ್ಲ" ಎನ್ನಲಿಲ್ಲ. ಎಂದಿದ್ದರೆ ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತು.

ಕಳಿಸಿದ ಫೋಟೋ ಅಳಿಸಲು ಹೋದೆ. ಅಷ್ಟರಲ್ಲಿ ತಂಗಿಯ ಉತ್ತರ ಬಂದಿತ್ತು: "ಇವತ್ತು ನೋಡಿದ್ಯಾ? ಮೊದಲೇ ನೋಡಬಾರದಿತ್ತಾ?"

ಆಮೇಲೆ ಎರಡು ತಿಂಗಳು ನಮ್ಮಿಬ್ಬರಿಗೂ ಮಾತಿಲ್ಲ. ಸಂಕಷ್ಟಿಯ ದಿನ ಗಂಡ, "ಏನು, ಇವತ್ತೂ ಫೋನಿಗೇ ಅರ್ಘ್ಯವೋ?" ಎಂದಾಗ ಉದ್ಧರಣೆಯನ್ನು ಸಿಂಕಿಗೆ ಎಸೆದೆ.

ಸೆಪ್ಟೆಂಬರ್ ರಜೆಗೆ ಮೊದಲು ತಂಗಿಯೇ ಫೋನ್ ಮಾಡಿದಳು. ದನಿ ಕಲ್ಲಿನ ಹಾಗಿತ್ತು. ಮಗು ಈಗ ಏನೂ ಬರೆಯುವುದಿಲ್ಲ ಎಂದಳು. ಬರೆಯುವುದಿಲ್ಲ ಎಂದಲ್ಲ, ಮೊದಲು ಕೇಳುತ್ತಾಳೆ. ಕಿಟಕಿಯಾಚೆಯ ಮರ ಬರೆ ಎಂದರೆ ಕಿಟಕಿಯ ಕಡೆ ನೋಡುವುದಿಲ್ಲ, ಟೀಚರ ಕಡೆ ನೋಡಿ "ಹೇಗಿರಬೇಕು?" ಎನ್ನುತ್ತಾಳೆ. ಹೊರಗೆ ಮಳೆ ಬರುತ್ತಿದೆಯಾ ಎಂದು ಕೇಳಿದರೆ ಅಮ್ಮನ ಮುಖ ನೋಡುತ್ತಾಳೆ. ತನ್ನ ಕಣ್ಣಿನ ಮೇಲೆ ತನಗೇ ನಂಬಿಕೆ ಹೋಗಿದೆ ಎಂದು ಶಾಲೆಯವರು ಹೇಳಿದರಂತೆ.

"ಎರಡು ವಾರ ಕಳಿಸ್ತೀನಿ. ನೀನೇ ಕೆಡಿಸಿದ್ದು, ನೀನೇ ಸರಿ ಮಾಡು. ಆಗ್ಲಿಲ್ಲ ಅಂದ್ರೆ ಇನ್ನು ನನ್ನ ಮಗು ಹತ್ರ ಬರ್ಬೇಡ."

ಮಗುವನ್ನು ಕರೆತಂದು ಬಿಟ್ಟು, ನಮ್ಮ ಮನೆಯಲ್ಲಿ ಒಂದು ಲೋಟ ಕಾಫಿಯನ್ನೂ ಕುಡಿಯದೆ ವಾಪಸ್ ಹೋದಳು.

ಮಗುವಿಗೆ ಹೊಸ ಹಲ್ಲು ಬಂದಿದ್ದವು. "ದೊಡ್ಡಮ್ಮ" ಎಂದು ಕರೆದಳು, ತಬ್ಬಿಕೊಳ್ಳಲಿಲ್ಲ. ಅಂದೇ ಅವಳ ಎದುರು ಕುಳಿತು ಹೇಳಿದೆ. "ನಾನು ತಪ್ಪು ಮಾಡ್ದೆ ಪುಟ್ಟಿ. ನೀನು ಬರ್ದಿದ್ದೇ ಸರಿ ಇತ್ತು." ಜೀವಮಾನದಲ್ಲಿ ಯಾರಿಗೂ ಹೇಳದ ಮಾತು ಅದು. ಅವಳು ಶಾಲೆಯಲ್ಲಿ ಕಲಿಸಿದ ಸಭ್ಯತೆಯಿಂದ, "ಇಟ್ಸ್ ಓಕೆ, ದೊಡ್ಡಮ್ಮ" ಎಂದು ತನ್ನ ಗೊಂಬೆಯ ಕೂದಲು ಬಾಚತೊಡಗಿದಳು. ಇಷ್ಟರಿಂದ ಮುಗಿಯಿತು ಎಂದುಕೊಂಡಿದ್ದೆ. ಏನೂ ಮುಗಿದಿರಲಿಲ್ಲ.

ಮೂರನೆಯ ದಿನ ಸಂಜೆ ಗೇಟಿನಾಚೆ ಕರೆದುಕೊಂಡು ಹೋದೆ. ಎದುರು ಮನೆಯ ಜಕರಂಡಾ ಮರದ ಪಕ್ಕದಲ್ಲಿ ಎಳೆ ಚಂದ್ರ ಕಾಣುತ್ತಿದ್ದ, ಎಡಗಡೆ ಬೆಳಕು. ಆ ಇಪ್ಪತ್ತಮೂರರ ಹುಡುಗಿ ಹೇಳಿಕೊಟ್ಟ ಹಾಗೆ ಮೊಣಕಾಲೂರಿ ಕುಳಿತು ಕೇಳಿದೆ. "ನಿನಗೆ ಏನು ಕಾಣಿಸ್ತಿದೆ, ಹೇಳು."

ಮಗು ಆಕಾಶ ನೋಡಲಿಲ್ಲ. ನನ್ನ ಮುಖ ನೋಡಿತು. "ಬಲಗಡೆ ವೈಟ್?" ಎಂದಳು. ನನ್ನ ಹುಬ್ಬು ಸ್ವಲ್ಪ ಅಲುಗಿರಬೇಕು. ತಕ್ಷಣ, "ಸಾರಿ. ಎಡಗಡೆ" ಎಂದಳು. ಉತ್ತರ ಸರಿಯಾಗಿತ್ತು. ಆದರೆ ಅದನ್ನು ಅವಳು ನನ್ನ ಮುಖದ ಮೇಲೆ ಓದಿದ್ದಳು. ಚಂದ್ರನನ್ನು ಒಂದು ಸಲವೂ ನೋಡಿರಲಿಲ್ಲ. ಆ ಫುಟ್‌ಪಾತಿನ ಮೇಲೆ ಮೊಣಕಾಲೂರಿ ಕುಳಿತಲ್ಲೇ ನನಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟು ಬಂತು. ಮೊದಲು ತಂಗಿಯ ಮೇಲೆ, ಆಮೇಲೆ ಆ ಶಾಲೆಯ ಮೇಲೆ, ಕೊನೆಗೆ ಆ ಕ್ಯಾಲೆಂಡರ್ ಮಾಡಿದವರ ಮೇಲೆ. ನನ್ನ ಮೇಲೆ ಬರುವುದಕ್ಕೆ ಇನ್ನೂ ಸ್ವಲ್ಪ ದಿನ ಹಿಡಿಯಿತು.

ದಿನಾ ಕೇಳಿದೆ. ದಿನಾ ಅವಳು ನನ್ನ ಮುಖವನ್ನೇ ನೋಡಿದಳು. ನಾನು ಮುಖ ತಿರುಗಿಸಿಕೊಂಡು ಕೇಳಿದರೆ ಸುತ್ತಿ ಬಂದು ನನ್ನ ಎದುರಿಗೇ ನಿಲ್ಲುತ್ತಿದ್ದಳು. ದುರ್ಬೀನು ತಂದುಕೊಟ್ಟೆ, ಕಣ್ಣಿಗಿಟ್ಟುಕೊಂಡು, "ಏನು ನೋಡಬೇಕು?" ಎಂದಳು. ಗಂಡ, "ಬಿಡೇ, ಪಾಪ, ಮಗೂನ ಅದರ ಪಾಡಿಗೆ ಬಿಡು" ಎಂದರು. ನಾನು ಅವರ ಮೇಲೂ ಹರಿಹಾಯ್ದೆ.

ಎಂಟನೆಯ ದಿನ ನಾನು ಮಾಡಿದ್ದನ್ನು ಉಪಾಯ ಎಂದು ಕರೆದುಕೊಳ್ಳಲು ನನಗೂ ಆಸೆ. ಆಮೇಲೆ ಕೇಳಿದವರಿಗೆ ಹಾಗೆಯೇ ಹೇಳಿದ್ದೂ ಉಂಟು. ಸುಳ್ಳು. ಅದು ಬರೀ ಸಿಟ್ಟು. ಸಂಜೆ ಐದು ಗಂಟೆ. ನಾನು ಅಡುಗೆಮನೆಯ ಟೇಬಲ್‌ನಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದೆ. ಹೊತ್ತಿಗೆ ಮುಂಚೆಯೇ ಬಂದ ಅರ್ಧಕ್ಕಿಂತ ದೊಡ್ಡ ಚಂದ್ರ ಪಕ್ಕದವರ ಗೋಡೆಯನ್ನು ದಾಟಿ ಮೇಲೆ ಬಂದು ಹಿತ್ತಲಿನ ಬಾಗಿಲಿನಿಂದ ಕಾಣುತ್ತಿದ್ದ.

"ಹೋಗಿ ನೋಡ್ಕೊಂಡ್ ಬಂದು ಬರಿ" ಎಂದೆ.

"ಹೇಗಿರಬೇಕು?" ಎಂದಳು.

ನನ್ನ ತಲೆ ಕೆಟ್ಟುಹೋಯಿತು. ಹುರುಳಿಕಾಯಿಯ ತಟ್ಟೆ ಸರಿಸಿ, ಅವಳ ಚಿತ್ರದ ಪುಸ್ತಕ ಎಳೆದುಕೊಂಡು, ಬಾಗಿಲ ಕಡೆ ತಿರುಗಿಯೂ ನೋಡದೆ ಒಂದು ವೃತ್ತ ಬರೆದೆ. ಎಡಗಡೆ ಪರಪರ ಎಂದು ಕಪ್ಪು ಬಳಿದೆ, ಬಲಗಡೆ ಬಿಳಿ ಬಿಟ್ಟೆ. "ತಗೋ, ಹಿಂಗಿರ್ಬೇಕು. ಇದೇ ಸರಿ. ಕೆಳಗಡೆ ನಿನ್ನ ಹೆಸರು ಬರ್ದು ನಿನ್ನ ಟೀಚರ್‌ಗೆ ಕಳಿಸ್ತೀನಿ." ಕೆಂಪು ಪೆನ್ನು ತೆಗೆದು ಅವಳ ಹೆಸರಿನ ಮೊದಲ ಅಕ್ಷರ ಬರೆದೆ. ಆರು ವರ್ಷದ ಮಗುವಿನ ಮೇಲೆ ಹಗೆ ಸಾಧಿಸುವ ಹೆಂಗಸು ನಾನು ಎಂದು ಆ ಕ್ಷಣದಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎರಡನೆಯ ಅಕ್ಷರ ಬರೆದೆ.

ಮಗು ಕಾಗದ ನೋಡಿತು. ಆಮೇಲೆ ತೆರೆದ ಬಾಗಿಲಿನಿಂದ ಆಚೆ, ಗೋಡೆಯ ಮೇಲಕ್ಕೆ ನೋಡಿತು. ಮತ್ತೆ ಕಾಗದ. ಮತ್ತೆ ಆಚೆ. ಅವಳ ಮೂಗಿನ ಹೊಳ್ಳೆಗಳು ಅರಳಿದವು. ನಮ್ಮ ಅಮ್ಮನಿಗೂ, ನನಗೂ, ಅವಳಮ್ಮನಿಗೂ ಸಿಟ್ಟು ಬಂದಾಗ ಹಾಗೆಯೇ ಆಗುತ್ತದೆ.

"ನೋ!" ಎಂದು ಕಿರುಚಿ ನನ್ನ ಕೈಯಿಂದ ಪೆನ್ನು ಕಿತ್ತು ನೆಲಕ್ಕೆ ಎಸೆದಳು. "ಅದು ಹಂಗಿಲ್ಲ! ನೀವು ನೋಡೇ ಇಲ್ಲ! ನೋಡ್ದೇನೇ ಬರೀತೀರ!" ರಬ್ಬರ್ ಹುಡುಕಿ ತಂದು ನಾನು ಬರೆದದ್ದರ ಮೇಲೆ ಎರಡೂ ಕೈಯಿಂದ ಉಜ್ಜಿದಳು. ಕಾಗದ ಹರಿಯಿತು, ಆದರೂ ಉಜ್ಜುತ್ತಲೇ ಇದ್ದಳು. ಮುಖ ಕೆಂಪಾಗಿ, ಕಣ್ಣೀರು ಸುರಿಯುತ್ತಾ, ಕಳೆದ ಮೂರು ತಿಂಗಳಿನಿಂದ ಎಲ್ಲಿ ಇಟ್ಟುಕೊಂಡಿದ್ದಳೋ ಆ ಮಾತು ಹೊರಗೆ ಬಂತು. ಕನ್ನಡದಲ್ಲೇ ಬಂತು.

"ನಾನು ಬನ್ನಿ ಬನ್ನಿ ಅಂದೆ. ಮೂರು ಸಲ ಅಂದೆ. ನೀವು ಬರ್ಲೇ ಇಲ್ಲ."



ಅವಳು ನನ್ನ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಎಳೆದಳು. ಈ ಸಲ ಎದ್ದೆ. ಚಪ್ಪಲಿ ಹಾಕಿಕೊಳ್ಳಲೂ ಬಿಡಲಿಲ್ಲ. ಹಿತ್ತಲಿನ ಒದ್ದೆ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಿಲ್ಲಿಸಿ, ಬೆರಳು ಎತ್ತಿ ತೋರಿಸಿ, "ಈಗ ಹೇಳಿ. ಏನ್ ಕಾಣ್ಸ್ತಿದೆ?" ಎಂದು ಜಬರಿಸಿದಳು. ಅವಳ ಕಣ್ಣು ಚಂದ್ರನ ಮೇಲಿತ್ತು. ನನ್ನ ಮುಖದ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ನಾನು ತಲೆ ಎತ್ತಿದೆ. "ಎಡಗಡೆ ಬೆಳಕು" ಎಂದೆ.

"ಇನ್ನೂ?"

"ಬಲಗಡೆ ಸ್ವಲ್ಪ ಕತ್ತಲು."

"ಇನ್ನೂ ಇದೆ" ಎಂದಳು, ಸಿಟ್ಟು ಇಳಿಯದ ದನಿಯಲ್ಲಿ. "ಸರಿಯಾಗಿ ನೋಡಿ."

ಒಳಗೆ ಹೋಗಿ ಪುಸ್ತಕವನ್ನೂ ಪೆನ್ಸಿಲನ್ನೂ ತಂದು ಮೆಟ್ಟಿಲ ಮೇಲೆ ಕುಳಿತು ಹೊಸ ಪುಟ ತೆಗೆದಳು. ನಾನು ಒಳಗೆ ಹೋಗಲು ಒಂದು ಹೆಜ್ಜೆ ಇಟ್ಟೆ. "ಅಲ್ಲೇ ನಿಂತ್ಕೊಳ್ಳಿ" ಎಂದಳು. ಅವಳು ಬರೆದು ಮುಗಿಸುವವರೆಗೂ ನಾನು ಆ ಹುಲ್ಲಿನ ಮೇಲೆ ನೋಡುತ್ತಾ ನಿಂತಿದ್ದೆ.